ಬಿಳಿಗೆ ಒಂದು ಚಿಟಿಕೆ ನೀಲಿ

ಸುಂಕದಕಟ್ಟೆಯ ಊದುಬತ್ತಿ ಶೆಡ್ಡಿನ ಮೇಲೆ
ಏಪ್ರಿಲ್ ಹನ್ನೊಂದು, ಮಧ್ಯಾಹ್ನ ಒಂದೂವರೆ.
ಶೀಟಿಗೆ ಅಂಗೈ ಇಟ್ಟ ಚೆಲುವಯ್ಯ
ತೆಗೆದ ಮೇಲೆ ಬೈದ, ಯಾರನ್ನು ಅಂತ ತಿಳಿಯಲಿಲ್ಲ.
ಎರಡು ಕೋಟು ಬಿಳಿ ಬಳಿದರೆ
ಕೆಳಗೆ ಬತ್ತಿ ಹೊಸೆಯುವವರಿಗೆ
ಒಂದು ಫ್ಯಾನಿನಷ್ಟು ತಂಪು.
ಈ ಲೆಕ್ಕ ಥರ್ಮಾಮೀಟರಿನದಲ್ಲ,
ಸುಗ್ಗಮ್ಮನ ಸೆರಗಿನದು.

ಹೋದ ವಾರ ಮತ್ತಿಕೆರೆಯಲ್ಲಿ, ಒಬ್ಬರು ಮೇಡಂ ಮನೆ ತಾರಸಿ.
ಟೀ ಕೊಟ್ಟು ಕೇಳಿದರು:
‘ಆಕಾಶಕ್ಕೇ ಹೀಗೆ ಬಳಿಯೋದಾದರೆ?’
ತಮಾಷೆ ಅಂದುಕೊಂಡೆ. ಅಲ್ಲವಂತೆ.
ವಿಮಾನ ಹೋಗುವುದಕ್ಕಿಂತ ಮೇಲೆ ಗಂಧಕ ಚಿಮ್ಮಿಸಿ
ಬಿಸಿಲಿನ ರೂಪಾಯಿಯಲ್ಲಿ ಒಂದು ಪೈಸೆ
ಬಂದ ದಾರಿಯಲ್ಲೇ ವಾಪಸು ಕಳಿಸುವುದಂತೆ.
ಕಡಲ ಮೋಡಕ್ಕೆ ಉಪ್ಪುನೀರು ಎರಚುವ ಯೋಚನೆಯೂ ಉಂಟಂತೆ.
ಬಹುಪಾಲು ಇನ್ನೂ ಕಾಗದದ ಮೇಲೆ.

ಕೆಲಸದವನ ಪ್ರಶ್ನೆ ಕೇಳಿದೆ:
ಬಾಳಿಕೆ ಎಷ್ಟು?
‘ವರ್ಷ, ಒಂದೂವರೆ. ಉದುರುತ್ತೆ. ಮತ್ತೆ ಬಳೀಬೇಕು.’
ಬಿಟ್ಟರೆ?
ಮೇಡಂ ಲೋಟದ ತಳ ನೋಡಿದರು.
‘ಮುಚ್ಚಿಟ್ಟ ಬಿಸಿಯೆಲ್ಲ ಒಂದೇ ಸಲ, ಬಡ್ಡಿ ಸಮೇತ.’

ಗೋಡೆಯೊಳಗೆ ಪೈಪು ಸೋರುತ್ತಿರುವಾಗ
ಮೇಲೆ ಬಣ್ಣ ಹೊಡೆಸುವ ಓನರುಗಳನ್ನು ಕಂಡವನು ನಾನು;
ಆರು ತಿಂಗಳಿಗೆ ಬೈಸಿಕೊಂಡವನೂ ನಾನೇ.
ಸೋರುವುದು ಏನು ಅಂತ ಹೇಳಬೇಕಿರಲಿಲ್ಲ.
ಕೆಳಗೆ ಸಿಗ್ನಲ್ಲಿನಲ್ಲಿ ಲಾರಿಗಳು
ನಿಂತಲ್ಲೇ ಕೆಮ್ಮುತ್ತಿದ್ದವು.

ಮಳೆ ಏನಾಗುತ್ತೆ ಅಂದೆ.
ಒಂದು ಕಡೆ ಹೆಚ್ಚು, ಒಂದು ಕಡೆ ತಪ್ಪು, ಗೊತ್ತಿಲ್ಲ ಅಂದರು.
ಗೊತ್ತಿಲ್ಲ ಅನ್ನುವವರನ್ನು ನಾನು ನಂಬುತ್ತೇನೆ.
ಕಾಂಟ್ರಾಕ್ಟಿಗೆ ಸಹಿ ಯಾರದು ಅಂದಾಗ ಮಾತ್ರ
ಸುಮ್ಮನೆ ಕೂಲಿ ಎಣಿಸಿ ಕೊಟ್ಟರು,
ಐವತ್ತು ಹೆಚ್ಚು.

ಆದರೂ, ಈ ಶೀಟಿನ ಮೇಲೆ ಕೂತು ಹೇಳುತ್ತೇನೆ,
ಬೇಡ ಅನ್ನುವುದು ನೆರಳಲ್ಲಿ ಸುಲಭ.
ಸುಗ್ಗಮ್ಮನ ಕೈಗೆ ಆ ಬ್ರಷ್ಷು ಕೊಟ್ಟರೆ
ಅವಳು ಯಾರನ್ನೂ ಕೇಳುವುದಿಲ್ಲ.

ಆಕಾಶ ಕೊಂಚ ಬೆಳ್ಳಗಾಗುತ್ತಂತೆ ಆಗ,
ನೀಲಿ ತೆಳುವಾಗಿ, ಹಾಲು ತೊಳೆದ ಪಾತ್ರೆಯ ನೀರಿನ ಹಾಗೆ.
ಇದನ್ನು ಮೇಡಂ ಕೊನೆಯಲ್ಲಿ ಹೇಳಿದ್ದು,
ಸಣ್ಣ ವಿಷಯ ಅನ್ನುವಂತೆ.

ಬಕೆಟ್ಟಿಗೆ ಒಂದು ಚಿಟಿಕೆ ನೀಲಿ ಹಾಕಿದೆ.
ಸುಣ್ಣದ ಕಾಲದ ಅಭ್ಯಾಸ:
ನೀಲಿಯಿಲ್ಲದೆ ಬಿಳಿ ಬಿಳಿಯಾಗದು.
‘ಈ ಪೇಂಟಿಗೆ ಬೇಕಾಗಿಲ್ಲ ಅಣ್ಣ,’ ಅಂದ ಚೆಲುವಯ್ಯ,
‘ಮೇಲಿಂದ ಯಾರು ನೋಡ್ತಾರೆ?’

ಒಂದು ಹದ್ದು ಸುತ್ತುತ್ತಿತ್ತು.
ಶೀಟಿನ ತೂತಿನಿಂದ ಸುಗ್ಗಮ್ಮನ ದನಿ:
‘ಇವತ್ತೇ ಮುಗಿಯುತ್ತಾ?’