ಚಾದರದ ಲೆಕ್ಕ

ರೋಟರ್‌ಡ್ಯಾಮಿನ ಆಸ್ಪತ್ರೆಯ ನೆಲಮಾಳಿಗೆ.
ಇಲ್ಲಿ ರಾತ್ರಿಯೆಂದರೆ ಒದ್ದೆ ಚಾದರ,
ಪಾಳಿಗೆ ಎಂಟುನೂರು.
ಒಣಗಿಸುವ ಯಂತ್ರ ಆರು, ಮಡಿಸುವ ನಾವು ಐದು,
ಹಾಡುವ ಡಬ್ಬ ಒಂದೇ.
ಅದಕ್ಕೇ ಸರದಿ: ದಿನಕ್ಕೊಂದು ದೇಶ.

ಸೋಮವಾರ ನನ್ನದು.
ನನ್ನ ದ್ವೀಪದ ಹಾಡಿಗೆ ಅವಸರವಿಲ್ಲ.
ಹಡಗು ಮರೆಯಾದ ಮೇಲೂ ದಂಡೆಯಲ್ಲೇ ನಿಂತವಳ ಹಾಗೆ
ಒಂದೇ ಸಾಲನ್ನು ಮೂರು ಸಲ ಕೇಳುತ್ತದೆ.
‘ಜುಲ್ಮೀರಾ, ಮದುವೆಗೂ ಇದನ್ನೇ ಹಾಕುತ್ತೀರಾ?’
ಎನ್ನುತ್ತಾನೆ ಜಾರ್ಜಿಯಾದ ವಾಜಾ.
ಹಾಕುತ್ತೇವೆ ಮಾರಾಯ, ಕುಣಿಯುತ್ತೇವೆ ಕೂಡ,
ಕೆನ್ನೆಗೆ ಕೆನ್ನೆ ಒತ್ತಿ,
ಒಬ್ಬರ ಕಣ್ಣು ಒಬ್ಬರಿಗೆ ಕಾಣದ ಹಾಗೆ.

ಅವನ ಮಂಗಳವಾರಕ್ಕೆ ಮೂರು ಗಂಟಲು ಬೇಕು:
ಒಂದು ಮೇಲೆ, ಒಂದು ನಡುವೆ, ಒಂದು ನೆಲದಡಿ.
ಡಬ್ಬ ಎಷ್ಟೇ ಕೂಗಲಿ, ತಾನೂ ಹಾಡಬೇಕು ಅವನಿಗೆ.
ನಡುವಿನದನ್ನು ಹಿಡಿದು,
ಉಳಿದಿಬ್ಬರಿಗೆ ಎಡಬಲ ಜಾಗ ಬಿಟ್ಟು ನಿಲ್ಲುತ್ತಾನೆ.
ಆ ಜಾಗದಲ್ಲಿ ನಾವು ಬುಟ್ಟಿ ಇಡುವುದಿಲ್ಲ.

ಬುಧವಾರ ಜಾವಾದ ಸುಲಾಸ್ತ್ರಿ.
ಅವಳ ಹಾಡಿನಲ್ಲಿ ಗಂಡ ಓಡಿಹೋಗಿರುತ್ತಾನೆ,
ಅಡವಿಟ್ಟ ಓಲೆ ಮುಳುಗಿರುತ್ತದೆ,
ಆದರೂ ಡೋಲು ಡಂಗ್-ಡುತ್ ಎಂದದ್ದೇ
ಸೊಂಟಕ್ಕೆ ಅದ್ಯಾವುದೂ ನೆನಪಿಲ್ಲ.
ಕಣ್ಣಿಗೂ ಸೊಂಟಕ್ಕೂ ಮಾತು ಬಿಟ್ಟ ಸಂಗೀತ!

ಲಿಸ್ಬನ್ನಿನ ಆಬೀಲಿಯೋ ತನ್ನ ಗುರುವಾರ ಕಣ್ಣು ಮುಚ್ಚಿದರೆ
ಚಾದರದ ಆ ತುದಿ ನೆಲಕ್ಕೆ.
‘ನಿಮ್ಮ ದ್ವೀಪದ ದುಃಖ ನಮ್ಮಿಂದ ಬಂದದ್ದು’ ಅಂದ ಒಮ್ಮೆ.
ಹೌದು, ಕೊಟ್ಟವರು ನೀವೇ, ಅಂದೆ.
ಅವನು ಮಾತಾಡಲಿಲ್ಲ. ಬಿದ್ದ ತುದಿ ಎತ್ತಿಕೊಂಡ.

ಶುಕ್ರವಾರ ಮಾತ್ರ ಡಬ್ಬ ಬಾಯಿ ಬಿಡುವುದಿಲ್ಲ.
ಎರಿಟ್ರಿಯಾದ ಲೆತೆಬ್ರಹಾನ್ ಎಂದೂ ಹಚ್ಚಿದವಳಲ್ಲ.
‘ನಾಲ್ಕನೇ ಯಂತ್ರ ಕೇಳಿ’ ಅನ್ನುತ್ತಾಳೆ, ಅಷ್ಟೆ.
ಟಕ್, ಟಕಟ. ಟಕ್, ಟಕಟ.
ಒಳಗೇನೋ ಸಿಕ್ಕಿಕೊಂಡು ಕುಂಟುವ ಸದ್ದು.
ಅವಳ ಭುಜ ಅದಕ್ಕೆ ಸಣ್ಣಗೆ ಹಾರುತ್ತದೆ.

ಇಷ್ಟು ದಿನ ಮೆಟ್ಟಿಲ ಮೇಲೆ ನಿಂತು ನೋಡಿದ
ಮೇಲ್ವಿಚಾರಕ ಖೆರ್ಬೆನ್
ಒಂದು ದಿನ ಗೋಡೆಗೆ ಪಟ್ಟಿ ಅಂಟಿಸಿದ:
ಯಾವ ದೇಶದ ಹಾಡಿಗೆ ಎಷ್ಟು ಚಾದರ.
ಆಬೀಲಿಯೋ, ಆರುನೂರ ಐವತ್ತೈದು.
ನಾನು ಏಳುನೂರ ಚಿಲ್ಲರೆ.
ಸುಲಾಸ್ತ್ರಿ, ಒಂಬೈನೂರ ಹದಿನಾಲ್ಕು, ಕೆಳಗೆ ಕೆಂಪು ಗೆರೆ.
ಇನ್ನು ದಿನವೂ ಬುಧವಾರ, ಅಂದ.

ಮೊದಲ ರಾತ್ರಿ ನಕ್ಕೆವು. ಎರಡನೆಯದು ಕಾಲು ನೋವು.
ನಾಲ್ಕನೆಯ ರಾತ್ರಿ ಸುಲಾಸ್ತ್ರಿ ತಾನೇ ಎದ್ದು
ಗೋಡೆಯಿಂದ ವೈರು ಕಿತ್ತಳು.
‘ನನ್ನ ಹಾಡನ್ನು ಕೂಲಿಗೆ ಇಟ್ಟುಕೊಂಡಿದ್ದಾರೆ,
ನನ್ನ ಹತ್ತಿರ ಬರಲು ಅದಕ್ಕೀಗ ಪುರುಸೊತ್ತಿಲ್ಲ.’

ಅದೇ ವಾರ ರಿಪೇರಿಯವನೂ ಬಂದ.
ನಾಲ್ಕನೇ ಯಂತ್ರದ ಹೊಟ್ಟೆಗೆ ಕೈ ಹಾಕಿ
ಒಂದು ಹಿತ್ತಾಳೆ ಗುಂಡಿ ತೆಗೆದು ಮೇಜಿನ ಮೇಲಿಟ್ಟ.
ಯಾವ ರೋಗಿಯ ಕೋಟಿನದೋ,
ಮೇಲೆ ಸವೆದ ಲಂಗರಿನ ಚಿತ್ರ.

ಆಮೇಲೆ ಡಬ್ಬ ಹಚ್ಚಿದರೂ ಯಾವುದೂ ಸರಿ ಕೂಡಲಿಲ್ಲ.
ಆಬೀಲಿಯೋ ಡಬ್ಬವನ್ನೇ ತಿರುಗಿಸಿ ನೋಡಿದ,
ಗಿಟಾರಿನ ಹೆಬ್ಬೆರಳು ಎಲ್ಲಿ ಹೋಯಿತು ಅಂತ.
ವಾಜಾನಿಗೆ ನೆಲದಡಿಯ ದನಿ ಕಾಣೆ.
ನನ್ನ ಹಾಡಿನಲ್ಲಿ ದೋಣಿಗೆ ಹುಟ್ಟು ತಾಗುವ ಸದ್ದಿಲ್ಲ.
ಇಷ್ಟು ವರ್ಷ ಅದು ತಂತಮ್ಮ ದೇಶದಿಂದಲೇ
ಬರುತ್ತಿದೆ ಅಂದುಕೊಂಡಿದ್ದೆವು ಎಲ್ಲರೂ.

ಶುಕ್ರವಾರ ಲೆತೆಬ್ರಹಾನ್ ಏಪ್ರನ್ನಿಗೆ ಕೈ ಹಾಕಿದಳು,
ನಾಲ್ಕನೇ ಬಾಗಿಲು ತೆರೆದು,
ಒದ್ದೆ ಚಾದರಗಳ ಹಿಂದೆ ಏನನ್ನೋ ಎಸೆದಳು.
ಟಕ್, ಟಕಟ.
ವಾಜಾ ನಡುವಿನ ದನಿ ಎತ್ತಿಕೊಂಡ.

‘ಇದು ಯಾವ ದೇಶದ್ದು?’
ಪಟ್ಟಿಯ ಮುಂದೆ ಪೆನ್ನು ಹಿಡಿದು ಖೆರ್ಬೆನ್.
ಯಾರೂ ತಲೆ ಎತ್ತಲಿಲ್ಲ, ಚಾದರ ಬಹಳ ಇದ್ದವು.
ಅವನ ಬೂಟು ಮಾತ್ರ ಆಗಲೇ ತಾಳ ಹಾಕುತ್ತಿತ್ತು,
ತಪ್ಪು ತಪ್ಪಾಗಿ.