ಕಾಫಿಪುಡಿಯ ಸೀಸೆ

ಕೋಟಿನ ಬಲಜೇಬಿನಲ್ಲಿ ಸುತ್ತಿಗೆ, ಟ್ಯೂನಿಂಗ್ ಫೋರ್ಕ್,
ಎಡಜೇಬಿನಲ್ಲಿ ಕಾಫಿಪುಡಿಯ ಪುಟ್ಟ ಸೀಸೆ.
ಮಡಿಕೇರಿಗೆ ಕಾಫಿಪುಡಿ ಹೊತ್ತು ತಂದಿದ್ದೀಯಾ ಎಂದು
ಥಿಯೇಟರಿನ ಸಿಸ್ಟರ್ ದೇಚಮ್ಮ ನಕ್ಕರು.

ಮೂರು ತಿಂಗಳ ಸರ್ಜರಿ ಪೋಸ್ಟಿಂಗ್.
ನಾವು ನರರೋಗದವರು
ಒಂದು ಮೊಣಕಾಲಿನ ಮುಂದೆ ಅರ್ಧ ಗಂಟೆ ಕೂರುವ ಜನ.
ಎಲ್ಲಿ, ಎಲ್ಲಿ ಎಂದು ವಾದಿಸಿ
ಎಲ್ಲಿ ಎಂದು ತಿಳಿದ ಮೇಲೆ ಕ್ಯಾಂಟೀನಿಗೆ ಹೋಗುವವರು.
ಮಂದಪ್ಪ ಸರ್ ಹಾಗಲ್ಲ:
'ಎಲ್ಲಿ ಅಂತ ಗೊತ್ತಾಯ್ತಲ್ಲ? ಕೈ ತೊಳ್ಕೊ.'

ಬೊಳಕನನ್ನು ಸಿದ್ದಾಪುರದ ಕಡೆಯಿಂದ ಜೀಪಿನಲ್ಲಿ ತಂದರು.
ಮೆಣಸು ಕೊಯ್ಯುವ ಒಂಟಿಬಿದಿರಿನ ಏಣಿ ಜಾರಿತ್ತು.
ಬಿದ್ದವನು ಎದ್ದು, ಮೈ ಕೊಡವಿ, ಬೀಡಿ ಹಚ್ಚಿ,
ಆಮೇಲೆ ಲೈನ್ ಮನೆಯ ಜಗಲಿಯಲ್ಲಿ ಮಲಗಿದನಂತೆ.
'ನಿದ್ದೆ ಅಂದ್ಕೊಂಡೆ' ಎಂದಳು ಹೆಂಡತಿ, ಎರಡು ಸಲ.
ಟಾರ್ಚು ಬಿಟ್ಟೆ. ಬಲಗಣ್ಣಿನ ಪಾಪೆ
ಬೆಳಕಿಗೆ ಕುಗ್ಗಲಿಲ್ಲ.
ಕೈ ತೊಳೆದೆ.

ಎರಡು ವರ್ಷ ಮಂಡಿ ತಟ್ಟಿದ್ದೆ, ಮೊಣಕೈ ತಟ್ಟಿದ್ದೆ,
ಹೊರಬಾಗಿಲಲ್ಲೇ ನಿಂತು
ಒಳಗಿನವರ ಆರೋಗ್ಯ ವಿಚಾರಿಸಿದ ಹಾಗೆ.
ಡ್ರಿಲ್ಲು ಹಿಡಿ ಎಂದರು. ಹಿಡಿದೆ.
ಮೂಳೆಯ ಬಿಳಿ ಪುಡಿ, ಕೊಂಚ ಸುಟ್ಟ ವಾಸನೆ.
ಹೆಪ್ಪು ತೆಗೆದ ಮೇಲೆ
ತಗ್ಗಿಹೋಗಿದ್ದ ಪೊರೆ ಮೆಲ್ಲಗೆ ಮೇಲೆದ್ದು
ಮಿಡಿಯತೊಡಗಿತು.
ಈ ಮಿಡಿತದ ಬಗ್ಗೆ ಓದಿದ್ದೆ.
ಓದಿದ್ದು ಇದಲ್ಲ.

ನಾಲ್ಕನೇ ದಿನ ಬೊಳಕ ಎದ್ದು ಕೂತಿದ್ದ.
ಮೆಣಸಿನ ತೂಕ ಬರ್ಕೊಂಡ್ರಾ ಎಂದು ಕೇಳಿದ.
'ಗೆದ್ದ' ಎಂದು ಸರ್ ಮುಂದಿನ ಮಂಚಕ್ಕೆ ನಡೆದರು.
ನಾನು ಹೋಗಲಿಲ್ಲ. ಹಳೆಯ ಚಾಳಿ,
ಹನ್ನೆರಡು ನರಗಳನ್ನೂ ಮೊದಲಿನಿಂದ ಎಣಿಸಬೇಕು.
ಕಣ್ಣು ಮುಚ್ಚಿಸಿ, ಒಂದು ಹೊಳ್ಳೆ ಒತ್ತಿ, ಸೀಸೆ ತೆರೆದೆ.
ಉಸಿರೆಳೆದ. ಮತ್ತೊಮ್ಮೆ ಎಳೆದ.
'ಖಾಲಿ ಅಲ್ವಾ ಡಾಕ್ಟರಮ್ಮ?' ಎಂದ,
ನನಗೆ ಬೇಸರವಾಗದ ಹಾಗೆ.

'ನಿನ್ನೆ ಹೂ ಬಿರಿದಿದೆ' ಎಂದಳು ಹೆಂಡತಿ,
'ತೋಟವೆಲ್ಲ ಬೆಳ್ಳಗೆ. ರಾತ್ರಿ ಆ ಘಮಕ್ಕೆ ನಿದ್ದೆ ಬರಲಿಲ್ಲ.'
ಅವನು ತಲೆಯ ಬ್ಯಾಂಡೇಜು ಮುಟ್ಟಿಕೊಂಡು ಸುಮ್ಮನೆ ನಕ್ಕ.

ಬಿದ್ದ ಏಟಿಗೆ ಮೂಗಿನ ಮೇಲಿನ ಸಣ್ಣ ಎಳೆಗಳು ಹರಿದಿರುತ್ತವೆ.
ಎಲ್ಲಿ ಎಂದು ಗೊತ್ತು, ಕೂದಲೆಳೆಯಷ್ಟು ಕರಾರುವಾಕ್ಕಾಗಿ ಗೊತ್ತು.
ಈ ಸಲ ಕೈ ತೊಳೆಯಲು ಹೇಳುವವರು ಯಾರೂ ಇಲ್ಲ.

ಸ್ಟೂಲು ಎಳೆದುಕೊಂಡು ಕೂತೆ.
ಎಲ್ಲಿಂದ ಹೇಳಲಿ ಎಂದು ಯೋಚಿಸುತ್ತ
ಸೀಸೆಯ ಮುಚ್ಚಳ ತಿರುಗಿಸಿದೆ;
ಅದು ಆಗಲೇ ಬಿಗಿಯಾಗಿತ್ತು.