ಎಂಬತ್ತು, ಎಂಬತ್ತೆರಡು

ಸೀಸಕ್ಕೂ ಪಾದರಸಕ್ಕೂ ಇರುವ ವ್ಯತ್ಯಾಸ ಬರೆಯಿರಿ. ನಾಲ್ಕು ಅಂಕ.
ಎಪ್ಪತ್ತೆರಡು ಉತ್ತರಪತ್ರಿಕೆ, ರಾಯಚೂರಿನ ಏಪ್ರಿಲ್,
ಫ್ಯಾನು ಬಿಸಿಗಾಳಿಯನ್ನೇ ಕಲಕುತ್ತಿದೆ.
ನಡುವೆ ಗೀಟೆಳೆದು ಮಕ್ಕಳು ಬರೆದಿದ್ದಾರೆ:
ಇದು ಘನ, ಅದು ದ್ರವ.
ಇದು ಬ್ಯಾಟರಿಗೆ, ಅದು ಜ್ವರ ನೋಡುವ ಕಡ್ಡಿಗೆ.
ಎರಡೂ ವಿಷ.
ಸರಿ. ಸರಿ. ಸರಿ.

ಆ ಗೀಟಿನ ಮೇಲೆ ನಾನು ಎಂಟು ವರ್ಷ ಬಾಳಿದವಳು.
ನವರಂಗ ದರ್ವಾಜಾದ ಹಿಂದಿನ ಓಣಿ,
ಎಡಕ್ಕೆ ರಸೂಲ್‌ಬಿ, ಬಲಕ್ಕೆ ಹುಸೇನಪ್ಪನ ಪ್ರೆಸ್ಸು,
ನಡುವಿನ ಒಂದೇ ಖೋಲಿ ನಮ್ಮದು.
ಕೋಷ್ಟಕದಲ್ಲೂ ಹಾಗೇ: ಎಂಬತ್ತು, ಎಂಬತ್ತೆರಡು.
ನಡುವಿನ ಮನೆಯವರ ಹೆಸರು
ಹತ್ತನೇ ಕ್ಲಾಸಿಗೆ ಬೇಕಿಲ್ಲ.

ಹುಸೇನಪ್ಪನ ಸೀಸ ಕರ್ರಗೆ, ಮೊಂಡು, ಇಟ್ಟಲ್ಲಿ ಕೂಡುವ ಜಾತಿ.
ಹತ್ತಿ ಗಂಜಿನ ರಸೀದಿ, ಮೊಹರಮ್ಮಿನ ಕರಪತ್ರ, ಕೋರ್ಟು ನೋಟೀಸು,
ಎಲ್ಲಕ್ಕೂ ಅವೇ ಮೊಳೆಗಳು. ಉಲ್ಟಾ ಹುಟ್ಟಿ
ಒತ್ತಿಸಿಕೊಂಡ ಮೇಲೇ ಸೀದಾ ಆಗುವವು.
ಒತ್ತಕ್ಷರಕ್ಕೆ ಬೇರೆ ಮನೆ, ದೀರ್ಘಕ್ಕೆ ಬೇರೆ ಮನೆ;
ಕೈ ಸಾಲದಾದಾಗ ಒಂದನ್ನು ಹಲ್ಲಲ್ಲಿ ಕಚ್ಚಿಕೊಂಡೇ
ಗಿರಾಕಿಯ ಜೊತೆ ಚೌಕಾಸಿ.
ವಸಡಿನ ಅಂಚಿಗೆ ನೀಲಿ ಗೆರೆ.
ಬೆಲ್ಲ ತಿಂದ್ರ ಇಳೀತದ, ಅಂತ ದಿನಾ ಒಂದು ಹೆಂಟೆ.
ಇಳಿಯಲಿಲ್ಲ. ಸೀಸ ಮೂಳೆಗೆ ಹೋಗಿ
ಸುಣ್ಣದ ಜಾಗದಲ್ಲಿ ಸುಣ್ಣದಂತೆ ಕೂಡುತ್ತದೆ,
ಬಾಡಿಗೆ ಕೊಡದ ಬಾಡಿಗೆದಾರ.

ರಸೂಲ್‌ಬಿಯದು ನಿಲ್ಲದ ಜೀವ.
ಸರಾಫರ ಅಂಗಡಿಯ ಕಸವನ್ನೂ ದುಡ್ಡು ಕೊಟ್ಟು ತಂದು
ಮರಿಗೆಯಲ್ಲಿ ತೊಳೆದು ತೊಳೆದು
ಕೊನೆಗೆ ಶೀಷೆಯಿಂದ ಪಾದರಸ ಬಿಡುವಳು.
ಅದು ಧೂಳಲ್ಲೆಲ್ಲ ಓಡಾಡಿ ಚಿನ್ನವನ್ನು ಹುಡುಕಿ ತಬ್ಬುತ್ತಿತ್ತು,
ಕಬ್ಬಿಣಕ್ಕೆ ಕ್ಯಾರೇ ಅನ್ನದೆ.
ಬಟ್ಟೆಯಲ್ಲಿ ಹಿಂಡಿ, ಉಳಿದ ಬಿಳಿ ಉಂಡೆಯನ್ನು
ಕಬ್ಬಿಣದ ಸೌಟಿನಲ್ಲಿ ಕಾಸಿದರೆ
ಜೋಳದ ಕಾಳಿನಷ್ಟು ಹಳದಿ.
ರಸ ಎದ್ದು ಎಲ್ಲಿ ಹೋಯಿತು ಅಂತ ಯಾರೂ ಕೇಳಲಿಲ್ಲ.
ಚಹಾಕ್ಕೆ ಹಾಕುವ ಸಕ್ಕರೆ ಅರ್ಧ ಚಾಪೆಗೆ.
"ಇರಿವೆಗೂ ಈದ್ ಆಗ್ಲಿ ಬಿಡು" ಅಂದು ನಗುವಳು.

ಮುನ್ನೂರ ಇಪ್ಪತ್ತೇಳಕ್ಕೆ ಇದು ನೀರಾಗುತ್ತದೆ,
ಮುನ್ನೂರ ಐವತ್ತೇಳಕ್ಕೆ ಅದು ಆವಿ.
ನಡುವೆ ಮೂವತ್ತೇ ಡಿಗ್ರಿ,
ನಮ್ಮೂರ ಚಳಿಗಾಲದ ಒಂದು ಮಧ್ಯಾಹ್ನ.

ಒಂದು ರಜೆಯಲ್ಲಿ ಪ್ರೆಸ್ಸಿನ ದೊಡ್ಡ ಳ ಕದ್ದೆ,
ಲಗ್ನಪತ್ರಿಕೆಯ ತಲೆಬರಹದ್ದು, ಒಂದೇ ಉಳಿದಿತ್ತು.
ರಸೂಲ್‌ಬಿಯ ಪಿಂಗಾಣಿ ಬಟ್ಟಲಿಗೆ ಹಾಕಿದೆ, ಮುಳುಗಲಿ ಅಂತ.
ತೇಲಿತು.
ಸೀಸಕ್ಕಿಂತ ಭಾರದ ನೀರೊಂದು ಇದೆ ಅಂತ
ಪುಸ್ತಕ ಹೇಳುವ ಆರು ವರ್ಷ ಮೊದಲೇ ತಿಳಿಯಿತು.
ಮರೆತು ಮಲಗಿದೆ. ಮುಂಜಾನೆ ಳ ಬೆಳ್ಳಗೆ, ಮೆತ್ತಗೆ;
ಹೆಬ್ಬೆರಳು ಆಡಿಸಿದರೆ ಅದರ ಸುತ್ತೇ ಅಳಿಸಿಹೋಯಿತು.
ಅವಳು ಹೊಡೆಯಲಿಲ್ಲ.
"ರಸ ಕೆಟ್ಟಿತವ್ವ, ಇನ್ನ ಇದು ಚಿನ್ನ ಹಿಡಿಯಂಗಿಲ್ಲ."
ಅಷ್ಟೇ.

ಆ ವರ್ಷ ಓಣಿಯ ಪತ್ರಿಕೆಗಳಲ್ಲೆಲ್ಲ
ಮಂಗಳ ಕಾರ್ಯ ಹೋಗಿ ಮಂಗಲ ಕಾರ್ಯ.
ಯಾರೂ ತಪ್ಪು ಅನ್ನಲಿಲ್ಲ, ಎರಡೂ ಸರಿಯಂತೆ.
ಹುಸೇನಪ್ಪನೊಬ್ಬ ನನ್ನನ್ನು ದಿಟ್ಟಿಸಿ
ಬೆಲ್ಲದ ಹೆಂಟೆ ಮುರಿದು ಅರ್ಧ ಕೊಟ್ಟ.

ಆಮೇಲೆ ಅಕ್ಷರಗಳೆಲ್ಲ ಕಿಲೋ ಲೆಕ್ಕದಲ್ಲಿ ಬ್ಯಾಟರಿಯವನಿಗೆ.
ತೀನ್ ಕಂದೀಲ್ ಹತ್ತಿರ ಟಂಟಂ ಹಾರ್ನ್ ಹೊಡೆದರೆ
ಯಾವುದೋ ಒತ್ತಕ್ಷರ ಒದರಿದ ಹಾಗೆ.
ರಸೂಲ್‌ಬಿ ಹೋದ ಮೇಲೆ ಆ ಮನೆಯ ಫರಸಿ ಕಿತ್ತಾಗ
ಬಿರುಕಿನಿಂದ ಒಂದು ಹನಿ ಹೊರಗೆ ಬಂದು
ಎಲ್ಲರನ್ನೂ ನೋಡಿ, ಮತ್ತೆ ಒಳಗೆ ಹೋಯಿತಂತೆ.

ಐವತ್ತೊಂದನೇ ಪತ್ರಿಕೆ. ತಲೆಬರಹ ಅದಲುಬದಲು:
ಸೀಸದ ಕೆಳಗೆ ಓಡುವುದು, ಪಾದರಸದ ಕೆಳಗೆ ಕೂಡುವುದು.
ಕೊನೆಯ ಸಾಲು ಮಾತ್ರ ಗೀಟು ದಾಟಿ
ಎರಡೂ ಕಡೆ ಚಾಚಿಕೊಂಡಿದೆ.
ಒಂದು ಅಂಕ ಕೊಡಬಹುದು.
ಕೆಂಪು ಪೆನ್ನಿನ ಒಂದು ಸೊಟ್ಟಗೆ ಬೀಳುತ್ತದೆ.
ಕೈ ತುಸು ನಡುಗುತ್ತಿದೆ.
ಸೆಖೆಗೆ ಇರಬೇಕು.